ಇನ್ನೂರ ಹನ್ನೆರಡು ಮೆಟ್ಟಿಲು

ಮದುವೆಯಾದ ಮೂರನೆಯ ಸಂಜೆ, ಬಾಡಿಗೆ ಮನೆಯ ತಾರಸಿಯ ಮೇಲೆ ಒಣಗಲು ಹಾಕಿದ್ದ ಬಟ್ಟೆಗಳ ನಡುವೆ ನಿಂತು ನನ್ನ ಗಂಡ ನನಗೊಂದು ಮಾತು ಕೊಟ್ಟರು. ಗಡಿಯಾಚೆಯ ಹಳೇ ಬಂದರಿನ ದೀಪಸ್ತಂಭದ ತುದಿಯಲ್ಲಿ, ತಾನು ನಿಂತು ಸಮುದ್ರ ನೋಡಿದ ಜಾಗದಲ್ಲೇ, ನನ್ನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಸಮುದ್ರ ತೋರಿಸುತ್ತೇನೆ ಎಂದು.

"ಇನ್ನೂರ ಹನ್ನೆರಡು ಮೆಟ್ಟಿಲು. ನಾನೇ ಎಣಿಸಿದ್ದೀನಿ. ಕೊನೇ ತಿರುವಲ್ಲಿ ಕಾಲು ನಡುಗುತ್ತೆ. ಮೇಲೆ ಹೋದ್ಮೇಲೆ ಎಲ್ಲ ಮರೆತುಹೋಗುತ್ತೆ. ವರ್ಷ ತುಂಬೋದ್ರೊಳಗೆ ಕರ್ಕೊಂಡು ಹೋಗ್ತೀನಿ, ನೋಡ್ತಾ ಇರು."

ನೋಡುತ್ತಾ ಇದ್ದೆ. ಆ ವರ್ಷ ತುಂಬಿತು, ಅದರ ಮೇಲೆ ಇನ್ನೂ ಹತ್ತು ತುಂಬಿದವು. ಮಗಳು ಹುಟ್ಟಿದಳು, ಅವಳ ಹಲ್ಲು ಹುಟ್ಟಿದವು, ಬಿದ್ದವು, ಮತ್ತೆ ಹುಟ್ಟಿದವು. ಬಂದರು ಮಾತ್ರ ಇದ್ದಲ್ಲೇ ಇತ್ತು. ಬಂದರುಗಳು ಎದ್ದು ಓಡಿಹೋಗುವುದಿಲ್ಲ ಎಂಬುದೇ ನಮ್ಮವರ ಧೈರ್ಯ.

ಆದರೆ ಆ ಮೆಟ್ಟಿಲುಗಳ ಕಥೆ ಒಂದು ದಿನವೂ ಕೂತಿರಲಿಲ್ಲ. ಕ್ಷೌರದವನಿಗೆ ಗೊತ್ತಿತ್ತು, ಹಾಲಿನವನಿಗೆ ಗೊತ್ತಿತ್ತು, ನಲ್ಲಿ ರಿಪೇರಿಗೆ ಬಂದವನು ನಲ್ಲಿ ರಿಪೇರಿ ಮಾಡದೆ ಕಥೆ ಕೇಳಿಕೊಂಡು ಹೋಗಿದ್ದ. ಎದುರುಮನೆಯ ಮೇಷ್ಟ್ರು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದರು. ಅವರು ಶಾಲೆಯಿಂದ ನಿವೃತ್ತರಾಗಿದ್ದರೇ ಹೊರತು ಪರೀಕ್ಷೆಯಿಂದ ಆಗಿರಲಿಲ್ಲ.

"ಸುತ್ತುಮೆಟ್ಟಿಲೋ, ನೇರವೋ?"

"ಸುತ್ತು, ಮೇಷ್ಟ್ರೇ."

"ಎಡಕ್ಕೆ ಸುತ್ತುತ್ತೋ, ಬಲಕ್ಕೋ?"

"ಹತ್ತೋವಾಗ ಬಲಕ್ಕೆ. ಇಳಿಯೋವಾಗ ಎಡಕ್ಕೆ."

ಪೂರ್ತಿ ಅಂಕ ಕೊಡಲೂ ಆಗದೆ ಸೊನ್ನೆ ಹಾಕಲೂ ಆಗದೆ ಮೇಷ್ಟ್ರು ಹನ್ನೊಂದು ವರ್ಷ ಒದ್ದಾಡಿದ್ದರು. ಈ ಸಲ ನಾವು ನಿಜವಾಗಿ ಹೊರಟಿದ್ದೇವೆ ಎಂದು ತಿಳಿದಾಗ ನಮಗಿಂತ ಹೆಚ್ಚು ಸಂತೋಷ ಅವರಿಗಾಯಿತು. "ಹೋಗಿ ಬನ್ನಿ. ಬಂದ್ಮೇಲೆ ಮಾತಾಡೋಣ" ಎಂದರು. ಉತ್ತರಪತ್ರಿಕೆ ಕೈಗೆ ಬರುವ ದಿನ ಗೊತ್ತಾದವರ ದನಿ ಅದು.

ನಾನು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಗುಂಡಿ ವಿಭಾಗದ ಮೇಲ್ವಿಚಾರಕಿ. ಮೂವತ್ತೆರಡು ಹೊಲಿಗೆ ಯಂತ್ರಗಳ ನಡುವೆ ದಿನಕ್ಕೆ ಒಂಬತ್ತು ಗಂಟೆ ನಿಂತಿರುವುದು ನನ್ನ ಕೆಲಸ. ಒಂದು ಶನಿವಾರದ ರಜೆಗೆ ಮೂರು ತಿಂಗಳು ಮೊದಲೇ ಅರ್ಜಿ ಹಾಕಿದೆ.

"ಬಂದರಿನಲ್ಲಿ ಏನಮ್ಮ ಕೆಲಸ?" ಎಂದು ಮ್ಯಾನೇಜರು ಕೇಳಿದರು.

"ದೀಪಸ್ತಂಭದ ಮೇಲೆ ನಿಂತ್ಕೊಳ್ಳೋದು ಸಾರ್."

"ಇಲ್ಲೂ ಅದೇ ಮಾಡ್ತಿದೀರಲ್ಲ" ಎಂದು ಸಹಿ ಹಾಕಿದರು.

ಇನ್ನು ನಮ್ಮವರ ಕಸುಬನ್ನು ಹೇಳದೆ ಮುಂದೆ ಹೋಗುವಂತಿಲ್ಲ, ಏಕೆಂದರೆ ಎಲ್ಲ ಅನಾಹುತದ ಬೇರು ಅಲ್ಲೇ ಇದೆ. ನೋಂದಣಿ ಕಚೇರಿಯ ಎದುರು ಅವರದೊಂದು ಜೆರಾಕ್ಸ್ ಮತ್ತು ಲ್ಯಾಮಿನೇಶನ್ ಅಂಗಡಿ. ಈ ಜಗತ್ತಿನಲ್ಲಿ ಕಾಗದಗಳು ಎರಡು ಬಗೆ ಎಂದು ಅವರು ನಂಬಿದ್ದಾರೆ: ಪ್ಲಾಸ್ಟಿಕ್ ಹೊದಿಕೆ ಬಿದ್ದವು ಮತ್ತು ಹಾಳಾಗಲಿರುವವು. ನಮ್ಮ ಮನೆಯಲ್ಲಿ ಎರಡನೆಯ ಬಗೆಯವು ಉಳಿದಿಲ್ಲ. ಮಗಳ ಅಂಕಪಟ್ಟಿ ಲ್ಯಾಮಿನೇಟ್ ಮಾಡಿದರು, ತಂದೆಯ ಸಹಿ ಹಾಕಲು ಜಾಗವಿಲ್ಲದೆ ಅದು ಶಾಲೆಗೂ ಮನೆಗೂ ನಾಲ್ಕು ಸಲ ಓಡಾಡಿತು. ಅತ್ತೆಯ ಔಷಧಿ ಚೀಟಿಗೂ ಹಾಗೇ ಮಾಡಿದರು, ವೈದ್ಯರು ಮುಂದಿನ ಔಷಧಿಯನ್ನು ಅತ್ತೆಯ ಅಂಗೈ ಮೇಲೆ ಬರೆದು ಕಳಿಸಿದರು. ಒಂದು ವರ್ಷ ಕ್ಯಾಲೆಂಡರನ್ನೇ ಇಡಿಯಾಗಿ ಯಂತ್ರದೊಳಗೆ ತೂರಿಸಿಬಿಟ್ಟರು. ಆ ವರ್ಷವೆಲ್ಲ ನಮ್ಮ ಮನೆಯಲ್ಲಿ ಜನವರಿ.

ಗಡಿ ಪಾಸು ಬಂದದ್ದು ಗುರುವಾರ. ಶನಿವಾರ ಹೋಗಿ ಭಾನುವಾರ ಸಂಜೆ ಆರರೊಳಗೆ ಹಿಂತಿರುಗಬೇಕಾದ, ಎರಡು ದಿನದ ಪಾಸು. ಅವರಿಗೆ, ನನಗೆ, ಮಗಳಿಗೆ, ಅತ್ತೆಗೆ ಒಂದೊಂದು ಹಾಳೆ: ಮೇಲೆ ಫೋಟೋ, ನಡುವೆ ಹೆಸರು ವಿಳಾಸ, ಕೆಳಗೆ ಮೊಹರಿಗಾಗಿ ಬಿಟ್ಟ ಎರಡು ಖಾಲಿ ಚೌಕ. ನಾನು ಕೆಲಸದಿಂದ ಬರುವಷ್ಟರಲ್ಲಿ ಅವರ ಪಾಸು ಮೇಜಿನ ಮೇಲೆ ಹೊಸ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಉಳಿದ ಮೂರನ್ನು ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಮತ್ತೆ ಹೊರಡುವುದರಲ್ಲಿದ್ದರು.

"ರೀ, ಅದಕ್ಕೆ ಮೊಹರು ಒತ್ತಬೇಕು. ಪ್ಲಾಸ್ಟಿಕ್ ಮೇಲೆ ಹೇಗೆ ಕೂರುತ್ತೆ?"

"ಸರ್ಕಾರಿ ಇಂಕು. ಎಲ್ಲಿ ಬೇಕಾದ್ರೂ ಕೂರುತ್ತೆ."

"ಕೂರದಿದ್ರೆ?"

"ನಾನು ಹೋಗಿ ಬಂದಿರೋನು. ನಿಂಗೆ ಗೊತ್ತಾ, ನಂಗೆ ಗೊತ್ತಾ? ದಾರೀಲಿ ಮಳೆ ಬಂದ್ರೆ ನಿನ್ನ ಪಾಸು ನೆನೆದು ಮುದ್ದೆಯಾಗುತ್ತೆ, ಆವಾಗ ನನ್ನ ಮುಖ ನೋಡಬೇಡ."

ನಾನು ಮೂರನ್ನೂ ಕಿತ್ತುಕೊಂಡು ಬೀರುವಿನ ಕಂಬಳಿಯ ಮಡಿಕೆಯಲ್ಲಿಟ್ಟು ಬೀಗ ಹಾಕಿದೆ. ಎರಡು ದಿನ ಅವರು ನನ್ನೊಂದಿಗೆ ಮೋಡದ ವಿಷಯ ಬಿಟ್ಟು ಬೇರೇನೂ ಮಾತಾಡಲಿಲ್ಲ.

ಅತ್ತೆ ಇರುವುದು ದೊಡ್ಡ ಮಗನ ಮನೆಯಲ್ಲಿ. ಶುಕ್ರವಾರ ಸಂಜೆ ಬಂದಿಳಿದರು. ಅವತ್ತು ಮೇಷ್ಟ್ರು ಬಾಗಿಲಿಗೆ ಬಂದು ದೀಪಸ್ತಂಭದ ಮಾತೆತ್ತಿದಾಗ ನಮ್ಮವರು ಇದ್ದಕ್ಕಿದ್ದಂತೆ ಅವರ ತೋಳು ಹಿಡಿದು ಗೇಟಿನ ತನಕ ಕರೆದುಕೊಂಡು ಹೋಗಿ ಪಿಸುಗುಟ್ಟಿದರು. ಹನ್ನೊಂದು ವರ್ಷದಲ್ಲಿ ಅತ್ತೆಯ ಎದುರು ಆ ಕಥೆಯನ್ನು ಅವರು ಒಮ್ಮೆಯೂ ಹೇಳಿಲ್ಲ ಎಂಬುದು ಆಗಲೇ ನನಗೆ ಹೊಳೆಯಬೇಕಿತ್ತು. ಚಪ್ಪಲಿ, ಟವೆಲು, ಅತ್ತೆಯ ಮಾತ್ರೆ, ಮಗಳ ಸ್ವೆಟರು ಹೊಂದಿಸುತ್ತಿದ್ದವಳಿಗೆ ಹೊಳೆಯಲಿಲ್ಲ.

ಬಸ್ಸಿನಲ್ಲಿ ಗಡಿಯವರೆಗೆ ಮೂರು ಗಂಟೆಯ ದಾರಿ. ಬಂದರಿಗೆ ಹೋಗಿ ಬಂದು ರೂಢಿಯಿದ್ದ ನಮ್ಮವರು ಮೊದಲನೆಯ ತಿರುವಿಗೇ ಬಾಡಿದರು. ಎರಡನೆಯ ತಿರುವಿಗೆ ಹಸಿರಾದರು. ಮೂರನೆಯದಕ್ಕೆ ಮಗಳು ತನ್ನ ಬಿಸ್ಕತ್ತಿನ ಚೀಲ ಖಾಲಿ ಮಾಡಿ ಅಪ್ಪನಿಗೆ ಕೊಟ್ಟಳು.

ಗಡಿ ಕಚೇರಿ ಎಂದರೆ ಉದ್ದನೆಯ ಒಂದು ಹಜಾರ. ಗೋಡೆಗುಂಟ ಬೆಂಚುಗಳು, ಕೊನೆಯಲ್ಲಿ ಗಾಜಿನ ಕಿಟಕಿ, ಅದರ ಹಿಂದೆ ಮೊಹರು ಹಿಡಿದ ಒಬ್ಬ ಗುಮಾಸ್ತ. ಮಗಳ ಪಾಸಿಗೆ ಠಪ್ ಎಂದು ಒತ್ತಿದ. ನನ್ನದಕ್ಕೆ ಒತ್ತಿದ. ಅತ್ತೆಯದಕ್ಕೆ ಒತ್ತಿದ. ನಮ್ಮವರದಕ್ಕೆ ಒತ್ತಿದಾಗ ಠಪ್ ಎನ್ನುವುದರ ಬದಲು ಪಿಚ್ ಎಂದಿತು. ಗುಮಾಸ್ತ ಮೊಹರೆತ್ತಿ ನೋಡಿದ. ಗುಂಡಗಿದ್ದ ನೀಲಿ ಮುದ್ರೆ ಕಣ್ಣೆದುರೇ ಇಳಿಜಾರಿನಲ್ಲಿ ಜಾರುವಂತೆ ಜಾರಿ ಮೂಲೆಗೆ ಬಂದು ನಿಂತಿತು. ಬೆರಳಲ್ಲಿ ಒರೆಸಿದ. ಪೂರ್ತಿ ಹೋಯಿತು.

"ಏನ್ರೀ ಇದು?"

"ನೂರಿಪ್ಪತ್ತೈದು ಮೈಕ್ರಾನ್ ದಪ್ಪ" ಎಂದರು ನಮ್ಮವರು ಹೆಮ್ಮೆಯಿಂದ. "ಸಾಮಾನ್ಯವಾಗಿ ಎಂಬತ್ತು ಹಾಕ್ತಾರೆ."

ಗುಮಾಸ್ತ ಇನ್ನೊಂದು ಇಂಕಿನ ಡಬ್ಬಿ ತೆಗೆದ. ಕೆಂಪು. ಅದೂ ಜಾರಿತು. ಬಾಯಲ್ಲಿ ಊದಿ ಒಣಗಿಸಲು ನೋಡಿದ, ಅವನ ಮೂಗಿನ ತುದಿಗೆ ಇಂಕಾಯಿತು. ನಮ್ಮ ಹಿಂದೆ ಸಾಲು ಬೆಳೆಯುತ್ತಿತ್ತು. ಸಾಲಿನಲ್ಲಿದ್ದವರು ಸಲಹೆಗಳನ್ನು ಕೊಡಲಾರಂಭಿಸಿದರು. ಸೀಮೆಸುಣ್ಣ ತಿಕ್ಕಿ ನೋಡಿ, ಉಗುರಿನಿಂದ ಗೀರಿ ನೋಡಿ, ಆತನನ್ನು ಬಿಟ್ಟು ನಮ್ಮನ್ನು ನೋಡಿ.

"ಒಂದು ನಿಮಿಷ ಸಾರ್, ಇದು ನನ್ನ ಕಸುಬು" ಎಂದು ನಮ್ಮವರು ಮುಂದೆ ಬಂದರು. "ಮೂಲೆಯಿಂದ ಬ್ಲೇಡು ಹಾಕಿ ನಿಧಾನಕ್ಕೆ ಎಳೆದ್ರೆ ಪದರ ಬಿಟ್ಕೊಳ್ಳುತ್ತೆ."

"ರೀ, ಬೇಡ" ಎಂದೆ.

"ನೀನು ಗುಂಡಿ ನೋಡ್ಕೋ."

ಗುಮಾಸ್ತ ಬ್ಲೇಡು ಕೊಟ್ಟ. ನಮ್ಮವರು ಉಸಿರು ಬಿಗಿಹಿಡಿದು ಎಳೆದರು. ಪದರ ಬಿಟ್ಟುಕೊಂಡಿತು. ಅವರ ಹೆಸರು, ವಿಳಾಸ, ಮೂಗು, ಮೀಸೆ ಎಲ್ಲವನ್ನೂ ತೆಗೆದುಕೊಂಡು ಬಿಟ್ಟುಕೊಂಡಿತು. ಅವರ ಎಡಗೈಯಲ್ಲಿ ಒಂದು ಬಿಳೀ ಕಾಗದ ಉಳಿಯಿತು, ಬಲಗೈಯಲ್ಲಿ ಗಾಳಿಗೆ ಅಲ್ಲಾಡುವ ಅವರ ಮುಖ.

ಗುಮಾಸ್ತ ಬಿಳೀ ಕಾಗದವನ್ನು ಎರಡೂ ಕಡೆ ತಿರುಗಿಸಿ ನೋಡಿದ. "ಇವರು ಯಾರು ಅಂತ ಈಗ ಹೇಳೋರ್ಯಾರು?" ಎಂದು ಎದ್ದು, ನಮ್ಮನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋದ. ಅತ್ತೆ ಮತ್ತು ಮಗಳು ಹಜಾರದ ಬೆಂಚಿನಲ್ಲೇ ಕೂತರು.

ಒಳಗೆ ಮೇಲಧಿಕಾರಿ ಇದ್ದರು. ದಾರ ಕಟ್ಟಿದ ಕನ್ನಡಕ, ತೋಳಿಗೆ ಧೂಳು ತಾಗದಂತೆ ಹಾಕಿಕೊಂಡ ಬಟ್ಟೆಯ ಚೀಲ. ಅವರ ಬೆನ್ನ ಹಿಂದೆ ಗೋಡೆಯ ತುಂಬ ಕೆಂಪು ಬಟ್ಟೆಯ ರಟ್ಟು ಹಾಕಿದ ಹಳೇ ದಫ್ತರಗಳು. ಕಥೆಯನ್ನೆಲ್ಲ ಕೇಳಿ, "ಇವರನ್ನ ಬಿಡೋಕಾಗೋದಿಲ್ಲಮ್ಮ. ಹೊಸ ಪಾಸಿಗೆ ಅರ್ಜಿ ಹಾಕಿ. ಆರು ತಿಂಗಳಾಗುತ್ತೆ" ಎಂದರು.

ಆರು ತಿಂಗಳು. ಆರು ತಿಂಗಳಿಗೆ ನನಗೆ ಇನ್ನೊಂದು ಶನಿವಾರ ಯಾರು ಕೊಡುತ್ತಾರೆ? ಆ ಸಂಕಟದಲ್ಲಿ, ಗಂಡನನ್ನು ಕಾಪಾಡುವ ಉತ್ಸಾಹದಲ್ಲಿ, ನಾನು ಬಾಯಿಬಿಟ್ಟೆ.

"ಸಾರ್, ಇವರು ಹೊಸಬರಲ್ಲ. ಮದುವೆಗೆ ಮುಂಚೆನೇ ಇಲ್ಲಿಂದ ದಾಟಿ ಬಂದರಿಗೆ ಹೋಗಿ ಬಂದಿದಾರೆ."

ಮೇಲಧಿಕಾರಿಯ ಮುಖ ಅರಳಿತು. ಹಾಗೆ ಅರಳಿದ ಮುಖವನ್ನು ನಾನು ಯಾವ ಕಚೇರಿಯಲ್ಲೂ ನೋಡಿಲ್ಲ.

"ಹಾಗಾದ್ರೆ ಹಳೇ ನಮೂದು ಇರಬೇಕು. ನಮೂದು ಸಿಕ್ಕಿದ್ರೆ ಅದರ ಆಧಾರದ ಮೇಲೆ ಇಲ್ಲೇ ಪಾಸು ಬರ್ಕೊಡಬಹುದು. ನಿಯಮ ಇದೆ. ಇಲ್ಲೀತನಕ ಯಾರೂ ಕೇಳಿಲ್ಲ, ಅಷ್ಟೆ." ಎದ್ದು ದಫ್ತರಗಳ ಮೇಲೆ ಕೈಯಾಡಿಸಿದರು. "ಮೂವತ್ತು ವರ್ಷದ್ದು. ಮೂರು ವರ್ಷ ಕೂತು ಅಕಾರಾದಿ ಪಟ್ಟಿ ಮಾಡಿದೀನಿ. ಮನೇಲಿ ಹೆಂಡತಿ ಕೇಳ್ತಾಳೆ, ಇದನ್ನ ಯಾರು ನೋಡ್ತಾರೆ ಅಂತ. ಯಾವ ವರ್ಷ ಹೋಗಿದ್ರಿ ಹೇಳಿ."

"ಪರವಾಗಿಲ್ಲ ಸಾರ್" ಎಂದರು ನಮ್ಮವರು. "ನಿಮಗ್ಯಾಕೆ ತೊಂದರೆ. ಆರು ತಿಂಗಳು ಏನು ದೊಡ್ಡದಲ್ಲ."

"ತೊಂದರೆ ಏನ್ಬಂತು? ವರ್ಷ ಹೇಳಿ."

"ಮದುವೆಯ ಹಿಂದಿನ ವರ್ಷ, ಬೇಸಿಗೆ. ಹಾಗಂತ ಇವರೇ ಹೇಳಿದ್ರು" ಎಂದೆ ನಾನು.

ಮೂರು ದಫ್ತರಗಳು ಇಳಿದವು. ಬೆರಳು ಸಾಲುಗಳ ಮೇಲೆ ಓಡಿತು. ಆ ಬೇಸಿಗೆಯಲ್ಲಿ ಇಲ್ಲ. ಅದರ ಹಿಂದಿನದರಲ್ಲಿ ಇಲ್ಲ. ಅದಕ್ಕೂ ಹಿಂದಿನದರಲ್ಲಿ ಇಲ್ಲ. ಮೇಲಧಿಕಾರಿ ಕನ್ನಡಕ ತೆಗೆದರು. ಅರಳಿದ್ದ ಮುಖ ಮಡಿಚಿಕೊಂಡಿತು.

"ನನ್ನ ಪಟ್ಟಿ ತಪ್ಪಿಲ್ಲ" ಎಂದರು. "ಹೆಸರು ಇಲ್ಲ. ಅಂದ್ರೆ ನೀವು ನಮೂದಿಲ್ಲದೆ ಗಡಿ ದಾಟಿದೀರಿ."

ಗುಮಾಸ್ತ ಹೋಗಿ ಬಾಗಿಲು ಮುಚ್ಚಿದ. ನಮ್ಮವರು ಬಸ್ಸಿನ ಎರಡನೆಯ ತಿರುವಿನಲ್ಲಿದ್ದ ಬಣ್ಣಕ್ಕೆ ಬಂದರು. ನನಗೆ ಕೋಪ ಬಂತು. ಯಾರ ಗಂಡನನ್ನು ಯಾರು ಕಳ್ಳ ಎನ್ನುವುದು?

"ಸಾರ್, ಇವರು ಅಂಥವರಲ್ಲ. ರಾಜಾರೋಷವಾಗಿ ಹೋಗಿದ್ರು. ದೀಪಸ್ತಂಭ ಹತ್ತಿದಾರೆ. ಇನ್ನೂರ ಹನ್ನೆರಡು ಮೆಟ್ಟಿಲು."

"ಬರ್ಕೊಳ್ಳಿ" ಎಂದರು ಮೇಲಧಿಕಾರಿ. ಗುಮಾಸ್ತ ಬರೆದುಕೊಂಡ.

"ಮೇಲೆ ಹಸಿರು ಬಣ್ಣದ ಕಬ್ಬಿಣದ ಕಂಬಿ ಇದೆ. ಸುಂಕದ ಕಟ್ಟೆಯ ಗಡಿಯಾರ ನಾಲ್ಕೂ ಇಪ್ಪತ್ತಕ್ಕೆ ನಿಂತಿದೆ."

"ಸುಂಕದ ಕಟ್ಟೆ ಗಮನಿಸಿದಾರೆ. ಬರ್ಕೊಳ್ಳಿ."

"ಬರೋ ಹೋಗೋ ಹಡಗೆಲ್ಲ ಎಣಿಸಿದಾರೆ."

ಗುಮಾಸ್ತನ ಪೆನ್ನು ನಿಂತಿತು. ಮೇಲಧಿಕಾರಿಯೂ ಅವನೂ ಮುಖ ಮುಖ ನೋಡಿಕೊಂಡರು. "ಹಡಗು ಯಾಕೆ ಎಣಿಸಿದ್ರಿ?" ಎಂದು ಮೇಲಧಿಕಾರಿ ಬಹಳ ಮೆತ್ತಗೆ ಕೇಳಿದರು.

ನಮ್ಮವರು ನನ್ನ ಕಡೆ ನೋಡಿದರು. ಅಂಥ ನೋಟವನ್ನು ನಾನು ಒಮ್ಮೆ ನೋಡಿದ್ದೆ, ಅವರ ಅಂಗಿಯ ತೋಳು ಲ್ಯಾಮಿನೇಶನ್ ಯಂತ್ರದೊಳಗೆ ಹೋಗುತ್ತಿದ್ದಾಗ. "ನಾನು ಹೋಗಿಲ್ಲ" ಎಂದು ಹೇಳಿದರೆ ಹೆಂಡತಿಯ ಮುಂದೆ ಮಾನ ಹೋಯಿತು, "ಹೋಗಿದ್ದೆ" ಎಂದರೆ ಸರ್ಕಾರದ ಮುಂದೆ ಹೋಯಿತು. ಅವರು ಎರಡನ್ನೂ ಹೇಳದೆ ನೀರು ಕೇಳಿದರು.

ಆಗ ಬಾಗಿಲು ತಳ್ಳಿಕೊಂಡು ಅತ್ತೆ ಬಂದರು. ಊಟದ ಡಬ್ಬಿ ಯಾರ ಚೀಲದಲ್ಲಿದೆ ಎಂದು ಕೇಳಲು ಬಂದಿದ್ದು.

"ನೀವು ಇವರ ತಾಯೀನಾ?" ಎಂದು ಮೇಲಧಿಕಾರಿ ಕೇಳಿದರು. "ಮದುವೆಯ ಹಿಂದಿನ ವರ್ಷ ಬೇಸಿಗೇಲಿ ನಿಮ್ಮ ಮಗ ಗಡಿ ದಾಟಿ ಹೋಗಿದ್ರಂತೆ."

"ಇವನಾ?" ಎಂದರು ಅತ್ತೆ. "ಆ ಬೇಸಿಗೇಲಿ ಇವನಿಗೆ ಕಾಮಾಲೆ. ಎರಡು ತಿಂಗಳು ಹಾಸಿಗೆ. ಗಂಜಿ ಕುಡಿಸಿ ಕುಡಿಸಿ ನನ್ನ ಕೈ ಸೋತುಹೋಗಿತ್ತು."

"ಅದರ ಹಿಂದಿನ ವರ್ಷ?"

"ಪರೀಕ್ಷೆ. ಮೂರನೇ ಸಲ."

"ಅದಕ್ಕೂ ಹಿಂದೆ?"

"ಬಸ್ಸು ಹತ್ತಿದ್ರೆ ವಾಂತಿ ಮಾಡ್ಕೊಳ್ತಾನಪ್ಪ ಇವನು. ಮದುವೆ ಆಗೋತನಕ ನಾನಿಲ್ದೆ ಊರು ಬಿಟ್ಟು ಹೋದವನೇ ಅಲ್ಲ. ಯಾಕೆ, ಏನು ಮಾಡಿದಾನೆ? ಊಟದ ಡಬ್ಬಿ ಎಲ್ಲಮ್ಮ?"

ನಾನು ಡಬ್ಬಿ ಕೊಟ್ಟೆ. ಅತ್ತೆ ಹೋದರು. ಸರ್ಕಾರ ನಮ್ಮವರನ್ನು ಬಿಟ್ಟುಕೊಟ್ಟಿತು. ಬಿಟ್ಟುಕೊಟ್ಟ ಮೇಲೆ ಅವರು ನನ್ನ ಪಾಲಿಗೆ ಬಂದರು.

ಮೇಲಧಿಕಾರಿ ತಮ್ಮ ಪಟ್ಟಿ ಸರಿಯಾಗಿದ್ದಕ್ಕೆ ನೆಮ್ಮದಿಯ ಉಸಿರು ಬಿಟ್ಟು ಒಂದು ಹೇಳಿಕೆ ಬರೆದರು. ಬರೆಯುತ್ತಾ ಗಟ್ಟಿಯಾಗಿ ಓದಿದರು: "ಮೇಲ್ಕಂಡ ವ್ಯಕ್ತಿಯು ಈ ಹಿಂದೆ ಎಂದೂ ಗಡಿಯನ್ನು ದಾಟಿರುವುದಿಲ್ಲ. ದಾಟಿರುವುದಾಗಿ ಹೆಂಡತಿಯ ಬಳಿ ಮಾತ್ರ ಹೇಳಿಕೊಂಡಿರುತ್ತಾರೆ."

"ಮಾತ್ರ ಅಲ್ಲ ಸಾರ್" ಎಂದೆ. "ಬೀದಿಗೆಲ್ಲ ಹೇಳಿದಾರೆ."

"ಬೀದಿ ನಮ್ಮ ವ್ಯಾಪ್ತಿಗೆ ಬರೋದಿಲ್ಲಮ್ಮ."

ನಮ್ಮವರು ಸಹಿ ಹಾಕಿದರು. ಸಾಕ್ಷಿಯಾಗಿ ನಾನು ಸಹಿ ಹಾಕಿದೆ. ಗುಮಾಸ್ತ ಮೊಹರು ಒತ್ತಿದ. ಬರೀ ಕಾಗದವಾದ್ದರಿಂದ ಮೊಹರು ಎಷ್ಟು ಚೆನ್ನಾಗಿ ಕೂತಿತೆಂದರೆ ಮುದ್ರೆಯೊಳಗಿನ ಹುಲಿಯ ಉಗುರೂ ಕಾಣುತ್ತಿತ್ತು. ಒಂದು ಪ್ರತಿ ಕಚೇರಿಗೆ, ಒಂದು ನನಗೆ.

"ಇನ್ನೂರ ಹನ್ನೆರಡು ಎಲ್ಲಿಂದ ಬಂತು?" ಎಂದು ಹಜಾರಕ್ಕೆ ಬಂದ ಮೇಲೆ, ಅತ್ತೆ ಕೂತಿದ್ದ ಬೆಂಚಿನ ಪಕ್ಕದಲ್ಲೇ ನಿಂತು ಕೇಳಿದೆ.

"ಆವಾಗ ನಾನು ಒಂದು ಜೆರಾಕ್ಸ್ ಅಂಗಡೀಲಿ ಕೆಲಸಕ್ಕಿದ್ದೆ. ಯಾರೋ ಪ್ರವಾಸದ ಪುಸ್ತಕ ತಂದಿದ್ರು, ನಲವತ್ತು ಪ್ರತಿ ಬೇಕು ಅಂತ. ಮಷೀನು ನಿಧಾನ. ನಲವತ್ತು ಸಲ ಅದೇ ಪುಟ ಕಣ್ಣ ಮುಂದೆ ಬಂತು." ಅವರು ತಮ್ಮ ಪ್ಲಾಸ್ಟಿಕ್ ಮುಖವನ್ನು ಮಡಿಚಿ ಜೇಬಿಗಿಟ್ಟುಕೊಂಡರು. "ತಾರಸಿ ಮೇಲೆ ನಿಂತಾಗ ಮದುವೆಯಾಗಿ ಮೂರನೇ ದಿನ. ನಿನ್ನ ಮುಂದೆ ಹೇಳ್ಕೊಳ್ಳೋಕೆ ನಂಗೆ ಬೇರೇನೂ ಇರ್ಲಿಲ್ಲ."

"ಕಾಮಾಲೆ ಇತ್ತಲ್ಲ" ಎಂದೆ.

ಮನೆಗೆ ಹೋಗಿಬಿಡೋಣ ಎಂದು ನಾನು ಚೀಲ ಎತ್ತಿದೆ. ಮೂರು ಪಾಸಿಗೆ ಮೊಹರು ಬಿದ್ದಾಗಿದೆ, ಈಗ ಹೋಗದಿದ್ದರೆ ಅವೂ ವ್ಯರ್ಥ ಎಂದು ಗುಮಾಸ್ತ ಕಿಟಕಿಯಿಂದಲೇ ಕೂಗಿದ. ಅತ್ತೆ ಆಗಲೇ ಎದ್ದು ನಿಂತಿದ್ದರು. "ನಾನಂತೂ ಹೋಗ್ತೀನಿ. ಹೊಸ ಚಪ್ಪಲಿ ತಗೊಂಡಿದೀನಿ."

"ಹೋಗಿ ಬನ್ನಿ" ಎಂದರು ನಮ್ಮವರು. "ನಾನು ಇಲ್ಲೇ ಇರ್ತೀನಿ. ನಂಗೇನು ಹೊಸದಾ..." ಅಷ್ಟಕ್ಕೇ ನಿಲ್ಲಿಸಿ ಕೆಮ್ಮಿದರು.

ಹೋದೆವು. ದಾರಿಯುದ್ದಕ್ಕೂ ನಾನು ಒಂದೇ ಒಂದು ತಪ್ಪನ್ನು ಹುಡುಕುತ್ತಿದ್ದೆ. ಸಿಗಲಿಲ್ಲ. ಸುಂಕದ ಕಟ್ಟೆಯ ಗಡಿಯಾರ ನಾಲ್ಕೂ ಇಪ್ಪತ್ತಕ್ಕೇ ನಿಂತಿತ್ತು. ಹಳೇ ಗೋದಾಮುಗಳ ಬಾಗಿಲಿಗೆ ಅವರು ಹೇಳಿದ ಹಾಗೇ ಆಳೆತ್ತರದ ಚಿಲಕಗಳು. ದೀಪಸ್ತಂಭದ ಕಂಬಿ ಹಸಿರೇ. ಮೆಟ್ಟಿಲು ಹತ್ತುವಾಗ ಬಲಕ್ಕೇ ಸುತ್ತುತ್ತಿತ್ತು. ಕೊನೆಯ ತಿರುವಿನಲ್ಲಿ ನನ್ನ ಕಾಲು ನಡುಗಿತು. ಎಲ್ಲವೂ ನಿಜ, ಅವರು ಅಲ್ಲಿದ್ದರು ಎನ್ನುವುದೊಂದು ಬಿಟ್ಟು.

ಅತ್ತೆ ಮಂಡಿನೋವೆಂದು ಕೆಳಗೆ ಚಹಾದ ಅಂಗಡಿಯಲ್ಲಿ ಕೂತರು. ಮಗಳು ಪ್ರತಿ ಮೆಟ್ಟಿಲನ್ನೂ ಗಟ್ಟಿಯಾಗಿ ಎಣಿಸಿಕೊಂಡು ಹತ್ತಿದಳು.

"ಅಮ್ಮ, ಇನ್ನೂರ ಹನ್ನೊಂದು."

"ಸರಿಯಾಗಿ ಎಣಿಸು."

ಇಳಿಯುವಾಗಲೂ ಎಣಿಸಿದಳು. ಇನ್ನೂರ ಹನ್ನೊಂದೇ.

ಮೇಲಿನಿಂದ ಸಮುದ್ರ ಕಂಡಿತು. ದೊಡ್ಡದಾಗಿತ್ತು. ಕಂಬಿ ಹಿಡಿದು ನಿಂತಾಗ ಬಲಗಡೆ ಒಬ್ಬರು ನಿಲ್ಲುವಷ್ಟು ಜಾಗ ನನಗೆ ತಿಳಿಯದೇ ಬಿಟ್ಟಿದ್ದೆ. ಹಿಂದಿನಿಂದ ಬಂದ ದಪ್ಪನೆಯ ಮನುಷ್ಯನೊಬ್ಬ ಅಲ್ಲಿ ನಿಂತು ಎರಡು ಬಾಳೆಹಣ್ಣು ತಿಂದ. ನಾನು ಕೆಳಗಿಳಿದೆ.

ಭಾನುವಾರ ಸಂಜೆ ಐದೂವರೆಗೆ ಗಡಿ ಕಚೇರಿಗೆ ಬಂದಾಗ ನಮ್ಮವರು ಬೆಂಚಿನ ಮೇಲಿರಲಿಲ್ಲ. ಮೇಲಧಿಕಾರಿಯ ಕೋಣೆಯಲ್ಲಿ ಅಂಗಿಯ ತೋಳು ಮಡಿಚಿಕೊಂಡು ಕೂತಿದ್ದರು. ಕಚೇರಿಯ ಜೆರಾಕ್ಸ್ ಮಷೀನು ಎಂಟು ತಿಂಗಳಿಂದ ಕೆಟ್ಟಿತ್ತಂತೆ. ಅದನ್ನು ಬಿಚ್ಚಿ, ಒರೆಸಿ, ಓಡಿಸಿ, ಆ ಮೂವತ್ತು ವರ್ಷದ ಅಕಾರಾದಿ ಪಟ್ಟಿಗೆ ಮೂರು ಪ್ರತಿ ತೆಗೆದುಕೊಟ್ಟಿದ್ದರು. "ಇಂಥವರನ್ನ ಆಚೆ ಬಿಡೋಕಾಗ್ಲಿಲ್ಲವಲ್ಲ ಅಂತ ಬೇಜಾರಮ್ಮ" ಎಂದು ಮೇಲಧಿಕಾರಿ ನನ್ನ ಬಳಿ ಹೇಳಿದರು. "ನಿಯಮ."

"ಅಪ್ಪಾ, ಇನ್ನೂರ ಹನ್ನೊಂದೇ" ಎಂದಳು ಮಗಳು.

ನಮ್ಮವರು ಮಡಿಚಿದ್ದ ತೋಳು ಇಳಿಸಿಕೊಂಡರು. "ಪುಸ್ತಕದಲ್ಲಿ ಹೊಸಿಲನ್ನೂ ಸೇರಿಸಿರಬೇಕು" ಎಂದರು.

ನಮ್ಮ ಬೀದಿಯಲ್ಲಿ ಇಳಿದಾಗ ಮೇಷ್ಟ್ರು ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಕೈಯಲ್ಲಿ ನೋಟ್‌ಬುಕ್ಕು, ಕಿವಿಯ ಮೇಲೆ ಕೆಂಪು ಪೆನ್ನು. ಅವರ ಹೆಂಡತಿ, ಪಕ್ಕದ ಮನೆಯವರು, ಹಾಲಿನವನು, ಎಲ್ಲರೂ ಬಂದು ನಿಂತರು. ನನ್ನ ಕೈಚೀಲದಲ್ಲಿ ಹುಲಿಯ ಉಗುರು ಕಾಣುವ ಮೊಹರಿನ ಕಾಗದ ಇತ್ತು. ಹನ್ನೊಂದು ವರ್ಷದ ಉತ್ತರ ಅದರಲ್ಲಿ ಎರಡೇ ಸಾಲಿನಲ್ಲಿತ್ತು. ನಮ್ಮವರು ನನ್ನ ಕೈಚೀಲವನ್ನು ನೋಡಿದರು, ಆಮೇಲೆ ತಮ್ಮ ಚಪ್ಪಲಿಯನ್ನು ನೋಡಿದರು.

"ಎಷ್ಟಿತ್ತು?" ಎಂದು ಮೇಷ್ಟ್ರು ಕೇಳಿದರು. ನಮ್ಮವರನ್ನಲ್ಲ, ಮಗಳನ್ನು. ಯಾರನ್ನು ಕೇಳಬೇಕೆಂದು ಅವರಿಗೆ ಗೊತ್ತಿತ್ತು.

ಮಗಳು ಬಾಯಿ ತೆರೆದಳು. ನಾನು ಅವಳ ಬಾಯಿಗೆ ಬಿಸ್ಕತ್ತು ಇಟ್ಟೆ.

"ಇನ್ನೂರ ಹನ್ನೆರಡು" ಎಂದರು ಅತ್ತೆ. "ನಾನೇ ಎಣಿಸಿದೆ."

"ನೀವು ಹತ್ತಿದ್ರಾ? ಮಂಡಿನೋವು ಅಂತ ಶುಕ್ರವಾರ ಅಂದಿದ್ರಲ್ಲ?"

"ಮಗ ಕೈ ಹಿಡ್ಕೊಂಡಿದ್ದ."

ಮೇಷ್ಟ್ರು ಬಹಳ ಹೊತ್ತು ಅತ್ತೆಯ ಮುಖ ನೋಡಿದರು. ಅತ್ತೆ ಅವರ ಮುಖ ನೋಡಿದರು. ಕೊನೆಗೆ ಮೇಷ್ಟ್ರು ಕಿವಿಯಿಂದ ಪೆನ್ನು ತೆಗೆದು ನೋಟ್‌ಬುಕ್ಕಿನಲ್ಲಿ ಒಂದು ಸರಿ ಗುರುತು ಹಾಕಿ, ಎದ್ದು ಬಂದು ನಮ್ಮವರ ಕೈ ಕುಲುಕಿದರು.

ಇಷ್ಟಕ್ಕೇ ಬಾಯಿ ಮುಚ್ಚಿಕೊಂಡು ಒಳಗೆ ಬಂದಿದ್ದರೆ ಅವರು ನನ್ನ ಗಂಡ ಹೇಗಾದಾರು? ಗೇಟು ತೆಗೆಯುತ್ತಾ ತಿರುಗಿ, "ಹೋದ ಸಲಕ್ಕಿಂತ ಈ ಸಲ ಗಾಳಿ ಜಾಸ್ತಿ ಇತ್ತು ಮೇಷ್ಟ್ರೇ" ಎಂದರು.

ನಾನು ಚೀಲಗಳನ್ನು ಒಳಗಿಟ್ಟೆ, ನೆನೆದ ಟವೆಲುಗಳನ್ನು ತಾರಸಿಯ ಮೇಲೆ ಹರವಿದೆ, ಮಗಳ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿದೆ. ಗಡಿ ಕಚೇರಿಯ ಕಾಗದ ಬೀರುವಿನಲ್ಲಿ ಕಂಬಳಿಯ ಮಡಿಕೆಯೊಳಗಿದೆ. ಲ್ಯಾಮಿನೇಟ್ ಮಾಡಿಸಿಲ್ಲ. ದೀಪಸ್ತಂಭದ ಮೇಲೆ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಸಮುದ್ರ ತೋರಿಸುತ್ತೇನೆ ಎಂದು ಅವರು ಮಾತು ಕೊಟ್ಟಿದ್ದರು. ತೋರಿಸಲಿಲ್ಲ.